ಲಬೋ ಲಬೋ ಹೊಯ್ಕೊಳ್ಳೋದೂ ಸಂಗೀತವೇ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ನೇಪಾಮ್ ಡೆತ್ ಎಂಬ ಇಂಗ್ಲೆಂಡಿನ ತಂಡದ ‘ಸ್ಕಮ್’ ಆಲ್ಬಮ್ ಬಗ್ಗೆ ಎರಡು ಪುಟ ಹಾಕಿದ್ದೀರಿ. ಮೊಮ್ಮಗನ ಮೊಬೈಲಿನಲ್ಲಿ ಹಚ್ಚಿಸಿ ಕೇಳಿದೆ. ಒಂದಕ್ಷರ ತಿಳಿಯಲಿಲ್ಲ. ಲಬೋ ಲಬೋ ಹೊಯ್ಕೊಳ್ಳೋದಕ್ಕೂ ಸಂಗೀತ ಅಂತೀರೇನು? ಒಂದು ಹಾಡಂತೂ ಶುರುವಾಗುವ ಮೊದಲೇ ಮುಗಿಯಿತು, ಇದು ಮೋಸ. ಮೇಲಾಗಿ ನೀವು ನಾಲ್ವರ ಹೆಸರು ಕೊಟ್ಟಿದ್ದೀರಿ, ಮೊಮ್ಮಗ ಆರು ಮಂದಿ ಅನ್ನುತ್ತಾನೆ. ಯಾವುದು ಖರೆ?
– ನಿವೃತ್ತ ಶಿಕ್ಷಕರು, ಇಳಕಲ್ಲ

ಸಂಪಾದಕರ ಉತ್ತರ:

ಮಾಸ್ತರರೇ, ಕೊನೆಯ ಪ್ರಶ್ನೆಯನ್ನೇ ಮೊದಲು ತಗೊಳ್ಳುತ್ತೇನೆ, ಅಲ್ಲಿ ತಪ್ಪು ನಮ್ಮದು. ನಿಮ್ಮ ಮೊಮ್ಮಗನ ಲೆಕ್ಕವೇ ಖರೆ. ನಾವು ರೆಕಾರ್ಡು ತಟ್ಟೆಯ ಎರಡನೆಯ ಬದಿಯಲ್ಲಿ ನುಡಿಸಿದವರ ಹೆಸರು ಹಾಕಿ ಮೊದಲ ಬದಿಯವರನ್ನು ಬಿಟ್ಟೆವು. ಆ ಆಲ್ಬಮ್ಮಿನ ಕಥೆಯೇ ಅಲ್ಲಿದೆ.

1986ರ ಆಗಸ್ಟಿನಲ್ಲಿ ಬರ್ಮಿಂಗ್‌ಹ್ಯಾಮಿನ ಸ್ಟುಡಿಯೋವೊಂದರಲ್ಲಿ ಮೂವರು ಹುಡುಗರು 12 ಹಾಡು ರೆಕಾರ್ಡ್ ಮಾಡಿದರು. ಹಾಡುತ್ತ ಬೇಸ್ ಗಿಟಾರ್ ನುಡಿಸಿದವನು ನಿಕ್ ಬುಲೆನ್, ಗಿಟಾರಿಗೆ ಜಸ್ಟಿನ್ ಬ್ರಾಡ್ರಿಕ್, ಡ್ರಮ್ಸಿಗೆ ಮಿಕ್ ಹ್ಯಾರಿಸ್. ಬ್ರಾಡ್ರಿಕ್‌ಗೆ ಆಗ ಹದಿನೇಳರ ಆಸುಪಾಸು. ಆ ರೆಕಾರ್ಡಿಂಗ್ ಈ ಆಲ್ಬಮ್ಮಿಗೆಂದು ಮಾಡಿದ್ದೂ ಅಲ್ಲ. ಅದು ಹೊರಬರುವ ಮೊದಲೇ ತಂಡ ಒಡೆಯಿತು. ಬುಲೆನ್ ಬಿಟ್ಟ. ಬ್ರಾಡ್ರಿಕ್ ಇನ್ನೊಂದು ತಂಡಕ್ಕೆ ಡ್ರಮ್ಸ್ ಬಾರಿಸಲು ಹೋದ. ಹ್ಯಾರಿಸ್ ಒಬ್ಬನೇ ಉಳಿದ. ನಮ್ಮ ಕಡೆಯ ಕಂಪನಿ ನಾಟಕದಲ್ಲಿ ಮೊದಲ ಅಂಕ ಮುಗಿಯುತ್ತಲೇ ಪಾತ್ರಧಾರಿಗಳೆಲ್ಲ ಗಂಟುಮೂಟೆ ಕಟ್ಟಿ, ತಬಲಾದವನು ಹೊಸಬರನ್ನು ಕೂಡಿಸಿಕೊಂಡು ಆಟ ಮುಗಿಸಿಕೊಟ್ಟ ಹಾಗಾಯಿತು. 1987ರ ಮೇ ತಿಂಗಳಲ್ಲಿ ಲೀ ಡೋರಿಯನ್, ಬಿಲ್ ಸ್ಟಿಯರ್, ಜಿಮ್ ವೈಟ್ಲಿ ಹ್ಯಾರಿಸ್ ಜೊತೆ ಕೂತು ಮತ್ತೆ 16 ಹಾಡು ಮಾಡಿದರು. ಎರಡನ್ನೂ ಒಂದೇ ತಟ್ಟೆಯ ಎರಡು ಬದಿಗೆ ಹಾಕಿ ಇಯರೇಕ್ ಎಂಬ ಕಂಪನಿ ಅದೇ ವರ್ಷ ಮಾರಾಟಕ್ಕಿಟ್ಟಿತು. 28 ಹಾಡು, ಸುಮಾರು 33 ನಿಮಿಷ. (ಇಯರೇಕ್ ಅಂದರೆ ಕಿವಿನೋವು. ಕಂಪನಿ ತನ್ನ ಹೆಸರಿನಲ್ಲೇ ಎಚ್ಚರಿಕೆ ಕೊಟ್ಟ ಮೇಲೆ ಮೋಸ ಎನ್ನುವುದು ಕಷ್ಟ.)

ಶುರುವಾಗುವ ಮೊದಲೇ ಮುಗಿದ ಹಾಡು ‘ಯೂ ಸಫರ್’. ಮೊದಲ ಬದಿಯ ಕೊನೆಯದು. 1.316 ಸೆಕೆಂಡು, ನಾಲ್ಕೇ ಶಬ್ದ. ಗಿನ್ನೆಸ್ ದಾಖಲೆಯೂ ಆಗಿದೆ. ಅದು ಚೇಷ್ಟೆಯೇ, ದೊಡ್ಡ ಕಲೆ ಎಂದು ನಾನು ವಾದಕ್ಕೆ ನಿಲ್ಲುವುದಿಲ್ಲ. ಆದರೆ ಅದೇ ಬದಿಯಲ್ಲಿ ಸುಮಾರು ನಾಲ್ಕು ನಿಮಿಷದ ಹಾಡೂ ಇದೆ, ಅದನ್ನು ನೀವು ಲೆಕ್ಕಕ್ಕೆ ಹಿಡಿದಂತೆ ಕಾಣಲಿಲ್ಲ.

ಇನ್ನು ಲಬೋ ಲಬೋ. ಈ ಮಾತನ್ನು ಬಾಗಲಕೋಟೆ ಜಿಲ್ಲೆಯವರಾದ ನೀವು ಬೈಗುಳವಾಗಿ ಬಳಸಿದ್ದು ನನಗೆ ಸೋಜಿಗ. ಕಾಮನನ್ನು ಸುಟ್ಟು, ಬಾಯಿಗೆ ಅಂಗೈ ಬಡಿದುಕೊಂಡು ಇಡೀ ಓಣಿ ಹೊಯ್ಕೊಳ್ಳುವಾಗ ಯಾವ ಅಕ್ಷರ ತಿಳಿಯುತ್ತದೆ? ಹಲಗೆ ಮೇಳದವರನ್ನು ಹತ್ತಿರ ನಿಂತು ನೋಡಿದ್ದೀರಿ ತಾನೆ. ಓಣಿಯ ಮೂಲೆಯಲ್ಲಿ ರದ್ದಿ ಕಾಗದ, ಕಣಿಕೆ ಉರಿ ಹಚ್ಚಿ ಚರ್ಮ ಕಾಯಿಸುತ್ತಾರೆ. ಬೆರಳಿಂದ ತಟ್ಟಿ, ಮೆತ್ತಗೆ ಅನಿಸಿದರೆ ಮತ್ತೆ ಉರಿಗೆ ಹಿಡಿಯುತ್ತಾರೆ. ಬಿಗಿಯಾದ ಮೇಲೆ ಬಲಗೈಯಲ್ಲಿ ದಪ್ಪ ಕೋಲು, ಎಡಗೈ ಬೆರಳಿನ ಸಂದಿಯಲ್ಲಿ ಸಣ್ಣ ಕಡ್ಡಿ. ಬಡಿತ ಏರುತ್ತ ಏರುತ್ತ ಒಂದು ಹಂತಕ್ಕೆ ಪೆಟ್ಟುಗಳು ಬಿಡಿಬಿಡಿಯಾಗಿ ಕೇಳುವುದೇ ಇಲ್ಲ, ಎದೆಯೊಳಗೇ ಗುಡುಗಿದಂತಾಗುತ್ತದೆ. ಹ್ಯಾರಿಸ್ ಮಾಡುವುದೂ ಅಂಥದ್ದನ್ನೇ. ಕಾಲಿನ ದೊಡ್ಡ ಡ್ರಮ್ಮಿಗೊಂದು ಪೆಟ್ಟು, ಕೈಯ ಸಣ್ಣ ಡ್ರಮ್ಮಿಗೊಂದು, ಒಂದರ ಬೆನ್ನಿಗೊಂದು, ಎಣಿಸಲು ಬಾರದಷ್ಟು ಬಿರುಸು. ಬ್ಲಾಸ್ಟ್ ಬೀಟ್ ಅನ್ನುತ್ತಾರೆ. ಅದು ಕೈ ತಪ್ಪಿ ಆದ ಗದ್ದಲವಲ್ಲ. ಕೈ ತಪ್ಪಿದರೆ ಅದು ನಿಂತೇ ಹೋಗುತ್ತದೆ.

ಶಬ್ದ ತಿಳಿಯದಿದ್ದರೆ ಅವರು ಸಾಹಿತ್ಯ ಬರೆದದ್ದೇಕೆ ಎಂದು ನೀವು ಕೇಳಬಹುದು. ಅಲ್ಲಿ ನನ್ನ ಉತ್ತರ ಅರೆಬರೆ. ಶುರುವಿನಲ್ಲೇ ಬರುವುದು ಬಹುರಾಷ್ಟ್ರೀಯ ಕಂಪನಿಗಳ ಸುಲಿಗೆಯ ಮೇಲಿನ ಸಿಟ್ಟು. ಆಮೇಲೆ ಅಧಿಕಾರ, ಯಂತ್ರದಂಥ ಬದುಕು. ಸಾಹಿತ್ಯ ಮುಂದಿಟ್ಟುಕೊಂಡು ಓದಿದಾಗಲೇ ನನಗೂ ತಿಳಿದದ್ದು. ಓದಿದ ಮೇಲೆ ಆ ಕಂಠಕ್ಕೆ ಕಾರಣ ಸಿಕ್ಕಿತು, ಇಷ್ಟವೇನೂ ಆಗಲಿಲ್ಲ. ರಾತ್ರಿ ಮಲಗುವಾಗ ನಾನು ಕೇಳುವುದು ನಮ್ಮ ಸುಳೇಭಾವಿಯ ಕುಮಾರ ಗಂಧರ್ವರನ್ನೇ.

ಇಂಥದ್ದನ್ನು ಯಾರು ಕೇಳಿದರು ಅನ್ನುತ್ತೀರಿ? ಬಿಬಿಸಿ ರೇಡಿಯೊ 1ರಲ್ಲಿ ಜಾನ್ ಪೀಲ್ ಎಂಬ ನಿರೂಪಕರಿದ್ದರು, ನಲವತ್ತು ದಾಟಿದವರು. ಬೇರೆಯವರು ಮುಟ್ಟದ ತಟ್ಟೆಗಳನ್ನು ಹಾಕುವುದೇ ಅವರ ಹವ್ಯಾಸ. ಇದನ್ನೂ ಹಾಕಿದರು. ಅದೇ ವರ್ಷ ಹುಡುಗರನ್ನು ಬಿಬಿಸಿ ಸ್ಟುಡಿಯೋಕ್ಕೆ ಕರೆಸಿ ನುಡಿಸಿದರು. ಆಕಾಶವಾಣಿ ಧಾರವಾಡದ ನಿಲಯದವರು ಒಂದು ಸಂಜೆ ಹಲಗೆ ಮೇಳವನ್ನು ಒಳಗೆ ಕೂರಿಸಿ ಮೈಕು ಕೊಟ್ಟಂತೆ ಎನ್ನಿ. ಅಲ್ಲಿಂದ ಹೆಸರು ಹಬ್ಬಿತು. ತಂಡ ಇವತ್ತಿಗೂ ಇದೆ. ಆದರೆ ‘ಸ್ಕಮ್’ನಲ್ಲಿ ನುಡಿಸಿದ ಆ ಆರು ಮಂದಿಯಲ್ಲಿ ಒಬ್ಬರೂ ಅದರಲ್ಲಿಲ್ಲ, ಹ್ಯಾರಿಸ್ ಕೂಡ.

ಬರುವ ಹೋಳಿ ಹಬ್ಬಕ್ಕೆ ಮೊಮ್ಮಗನನ್ನು ಕರೆದುಕೊಂಡು ಬಾಗಲಕೋಟೆಗೆ ಬನ್ನಿ. ಆಲಮಟ್ಟಿ ಹಿನ್ನೀರಿಗೆ ಮನೆ ಮುಳುಗಡೆಯಾಗಿ ನವನಗರ ಸೇರಿದವರೂ ಆ ದಿನ ಹಳೇ ಊರಿಗೇ ಬರುತ್ತಾರೆ, ಹಲಗೆಗಳು ನಮ್ಮ ಕಟ್ಟೆಯ ಮುಂದೆಯೇ ಹಾಯುತ್ತವೆ. ಹೊಸ ಧೋತರ ಮಾತ್ರ ಉಟ್ಟು ಬರಬೇಡಿ, ಬಣ್ಣ ಹೋಗುವುದಿಲ್ಲ.