ಕಥೆಗಾರರ ಪ್ರಶ್ನೋತ್ತರ: ಹಿಮನಾಡಿನ ಯೋಧನಿಗೆ ಎಂಥ ಮಾಯಾಶಕ್ತಿ ಕೊಡಬೇಕು?

ಪ್ರಶ್ನೆ: ನಾರ್ಸ್ (ಪ್ರಾಚೀನ ಸ್ಕ್ಯಾಂಡಿನೇವಿಯಾದ) ಪುರಾಣಗಳಿಂದ ಪ್ರೇರಣೆ ಪಡೆದು ಕನ್ನಡದಲ್ಲಿ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ನನ್ನ ನಾಯಕ ಮಿಂಚನ್ನು ಎಸೆಯಬಲ್ಲ, ತೋಳವಾಗಬಲ್ಲ, ಸತ್ತವರನ್ನು ಮಾತನಾಡಿಸಬಲ್ಲ, ಹಾರಿ ಬರುವ ಬಾಣವನ್ನು ತಡೆಯಬಲ್ಲ. ಅವನ ಗಾಯಗಳು ತಾವಾಗಿಯೇ ಮಾಯುತ್ತವೆ. ಆದರೆ ಮೂರನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅವನ ಯುದ್ಧಗಳನ್ನು ಬರೆಯುವ ಉತ್ಸಾಹವೇ ನನ್ನಲ್ಲಿ ಉಳಿದಿಲ್ಲ. ಶಕ್ತಿಗಳನ್ನು ಕಡಿಮೆ ಮಾಡಬೇಕೆ?
– ಮಡಿಕೇರಿಯ ಓದುಗರು

ಉತ್ತರ: ಕಡಿಮೆ ಮಾಡಬೇಕಾದದ್ದು ನಿಜ, ಆದರೆ ತೊಂದರೆಯ ಬೇರು ಎಣಿಕೆಯಲ್ಲಿಲ್ಲ. ನೀವು ಬರೆದ ಐದು ಶಕ್ತಿಗಳಲ್ಲಿ ಒಂದನ್ನಾದರೂ ನಿಮ್ಮ ನಾಯಕ ಏನನ್ನೋ ತೆತ್ತು ಪಡೆದಿದ್ದಾನೆಯೇ ಎಂಬುದನ್ನು ಮೊದಲು ನೋಡಿಕೊಳ್ಳಿ. ನಾರ್ಸ್ ಕಥಾಲೋಕದಲ್ಲಿ ದೇವತೆಗಳಿಗೂ ವಿದ್ಯೆ ಬಿಟ್ಟಿಯಾಗಿ ಸಿಗುವುದಿಲ್ಲ. ದೇವತೆಗಳ ಒಡೆಯ ಓಡಿನ್ ಜ್ಞಾನ ನೀಡುವ ಮಿಮಿರ್‌ನ ಬಾವಿಯ ಒಂದು ಗುಟುಕು ನೀರಿಗಾಗಿ ತನ್ನ ಒಂದು ಕಣ್ಣನ್ನು ಒತ್ತೆಯಿಡುತ್ತಾನೆ. ರೂನ್ ಎಂಬ ಪ್ರಾಚೀನ ಲಿಪಿಯ ಅಕ್ಷರಗಳ ರಹಸ್ಯಕ್ಕಾಗಿ ಈಟಿಯಿಂದ ತನ್ನನ್ನೇ ಇರಿದುಕೊಂಡು, ಅನ್ನ ನೀರಿಲ್ಲದೆ, ಗಾಳಿಗೆ ತೂಗಾಡುವ ಮರದಲ್ಲಿ ಒಂಬತ್ತು ರಾತ್ರಿ ನೇತಾಡುತ್ತಾನೆ. ಫೆನ್ರಿರ್ ಎಂಬ ತೋಳವನ್ನು ಮಾಯೆಯ ಹುರಿಯಿಂದ ಕಟ್ಟುವಾಗ ಅದಕ್ಕೆ ನಂಬಿಕೆ ಬರಲೆಂದು ಯುದ್ಧದೇವತೆ ಟೀರ್ ತನ್ನ ಬಲಗೈಯನ್ನು ಅದರ ಬಾಯೊಳಗಿಡುತ್ತಾನೆ. ತೋಳ ಬಂಧನಕ್ಕೆ ಸಿಕ್ಕುತ್ತದೆ, ಕೈ ಮರಳಿ ಬರುವುದಿಲ್ಲ. ಕರ್ಣನ ಕವಚಕುಂಡಲಗಳಿಗಿಂತ ಅವನಿಗೆ ತಗುಲಿದ ಶಾಪಗಳಿಗಾಗಿ ಹೆಚ್ಚು ಮರುಗುವ ಕನ್ನಡದ ಓದುಗರಿಗೆ ಈ ನೀತಿ ಅಪರಿಚಿತವೇನೂ ಅಲ್ಲ.

ಆದ್ದರಿಂದ ಒಂದೇ ಮೂಲವನ್ನು ಆರಿಸಿಕೊಂಡು, ಉಳಿದ ಶಕ್ತಿಗಳೆಲ್ಲ ಅದರಿಂದಲೇ ಟಿಸಿಲೊಡೆಯುವಂತೆ ಮಾಡಿ ಎಂಬುದು ನನ್ನ ಸಲಹೆ. ಯೋಧನಿಗೆ ರೂನ್ ವಿದ್ಯೆ ಮತ್ತು ಮಂತ್ರಗೀತಗಳಷ್ಟು ಒಪ್ಪುವ ಮೂಲ ಮತ್ತೊಂದಿಲ್ಲವೆಂದು ನಾನು ನಂಬಿದ್ದೇನೆ. ಹಾವಮಾಲ್ ಎಂಬ ಪ್ರಾಚೀನ ಕಾವ್ಯದ ಕೊನೆಯಲ್ಲಿ ಓಡಿನ್ ತನಗೆ ತಿಳಿದ ಹದಿನೆಂಟು ಮಂತ್ರಗೀತಗಳನ್ನು ಒಂದೊಂದಾಗಿ ಹೇಳುತ್ತಾನೆ. ಒಂದು ಗೀತ ವೈರಿಯ ಆಯುಧದ ಅಲಗನ್ನು ಮೊಂಡಾಗಿಸುತ್ತದೆ, ಮತ್ತೊಂದು ಕೈಕಾಲಿನ ಸಂಕೋಲೆಯನ್ನು ಕಳಚುತ್ತದೆ, ಇನ್ನೊಂದು ಕಡಲಿನ ಗಾಳಿಯನ್ನು ಮಲಗಿಸುತ್ತದೆ, ಮಗದೊಂದು ನೇಣಿನಲ್ಲಿ ತೂಗುತ್ತಿರುವ ಹೆಣವನ್ನು ಇಳಿದು ಬಂದು ಮಾತನಾಡುವಂತೆ ಮಾಡುತ್ತದೆ. ಹನ್ನೊಂದನೆಯದನ್ನು ವಿಶೇಷವಾಗಿ ಗಮನಿಸಿ: ಹಳೆಯ ಗೆಳೆಯರನ್ನು ಯುದ್ಧಕ್ಕೆ ಕರೆದೊಯ್ಯುವಾಗ ಗುರಾಣಿಗಳ ಮರೆಯಲ್ಲಿ ಇದನ್ನು ಹಾಡಿದರೆ ಅವರು ಕ್ಷೇಮವಾಗಿ ಹೋಗಿ ಕ್ಷೇಮವಾಗಿ ಮರಳುತ್ತಾರೆ. ಹಾಡಿದವನ ಕ್ಷೇಮದ ಬಗ್ಗೆ ಆ ಪದ್ಯ ಏನನ್ನೂ ಹೇಳುವುದಿಲ್ಲ. ಅಷ್ಟೊಂದು ಜಾಗದಲ್ಲಿ ಒಂದು ಇಡೀ ಅಧ್ಯಾಯವನ್ನೇ ಬರೆಯಬಹುದು.

ನಿಮ್ಮ ಬಾಣದ ವಿಷಯಕ್ಕೆ ಬರೋಣ. ಐದನೆಯ ಗೀತ ಸೇನೆಯ ನಡುವೆ ಹಾರಿ ಬರುವ ಬಾಣವನ್ನು ತಡೆಯುವಂಥದು. ಎಷ್ಟೇ ರಭಸವಾಗಿ ಬಂದರೂ ಅದನ್ನು ನಿಲ್ಲಿಸಬಲ್ಲೆನೆಂದು ಓಡಿನ್ ಹೇಳುತ್ತಾನೆ. ಆದರೆ ಅದು ಅವನ ಕಣ್ಣಿಗೆ ಬಿದ್ದಿರಬೇಕು ಎಂಬ ನಿಬಂಧನೆಯನ್ನೂ ಅದೇ ಪದ್ಯದಲ್ಲಿ ಸೇರಿಸುತ್ತಾನೆ. ನಿಮ್ಮ ನಾಯಕನ ಶಕ್ತಿಗೆ ಈ ಒಂದು ನಿಬಂಧನೆಯನ್ನು ಹಾಕಿ ನೋಡಿ. ಆಷಾಢದ ಮಂಜಿನಲ್ಲಿ ಮನೆಯಂಗಳದ ಆಚೆಯ ಬೇಲಿಯೇ ಕಾಣದ ಊರಿನವರು ನೀವು. ಅಂಥದೇ ಮಂಜು ಒಂದು ಬೆಳಗ್ಗೆ ಯುದ್ಧಭೂಮಿಗೆ ಇಳಿಯಲಿ. ಬಿಲ್ಲಿನ ಹೆದೆಯ ಸದ್ದು ಕಿವಿಗೆ ಬೀಳಲಿ, ಬಾಣ ಮಾತ್ರ ಕಾಣದಿರಲಿ. ವೈರಿಗೆ ಇವನ ಮಿತಿ ಗೊತ್ತಿದ್ದರೆ ಅವನು ಮಂಜು ಕವಿಯುವ ದಿನಕ್ಕಾಗಿಯೇ ಕಾಯುತ್ತಾನೆ. ನೀವು ಕಳೆದುಕೊಂಡ ಉತ್ಸಾಹ ಅಲ್ಲಿ ಮರಳಿ ಸಿಗುವುದೆಂದು ನನಗೆ ಭರವಸೆಯಿದೆ.

ಬೆಲೆ ಮತ್ತು ನಿಬಂಧನೆಗಳ ಜೊತೆಗೆ ಮೂರನೆಯದೊಂದು ಸಂಗತಿಯನ್ನು ಮರೆಯಬೇಡಿ: ವಿದ್ಯೆ ತಪ್ಪಬಹುದು. ಐಸ್‌ಲ್ಯಾಂಡಿನ ಎಗಿಲ್‌ನ ಸಾಗಾದಲ್ಲಿ (ಹಳೆಯ ಗದ್ಯಕಥನದಲ್ಲಿ) ಇದಕ್ಕೊಂದು ಅಪೂರ್ವ ಪ್ರಸಂಗವಿದೆ. ಪ್ರಯಾಣದಲ್ಲಿದ್ದ ಎಗಿಲ್ ಒಬ್ಬ ರೈತನ ಮನೆಯಲ್ಲಿ ತಂಗುತ್ತಾನೆ. ಮನೆಯ ಮಗಳು ಬಹಳ ಕಾಲದಿಂದ ಹಾಸಿಗೆ ಹಿಡಿದು ನವೆಯುತ್ತಿದ್ದಾಳೆ; ಅವಳಿಗಾಗಿ ನೆರೆಯ ರೈತನ ಮಗನೊಬ್ಬ ಈಗಾಗಲೇ ರೂನ್‌ಗಳನ್ನು ಕೊರೆದಿದ್ದಾನೆ, ಅಂದಿನಿಂದ ಕಾಯಿಲೆ ಹೆಚ್ಚಿದೆಯೇ ಹೊರತು ಇಳಿದಿಲ್ಲ. ಎಗಿಲ್ ಅವಳನ್ನು ಎತ್ತಿ ಪಕ್ಕಕ್ಕೆ ಮಲಗಿಸಿ ಹಾಸಿಗೆಯನ್ನು ಶೋಧಿಸಿದಾಗ ತಿಮಿಂಗಿಲದ ಎಲುಬಿನ ತುಂಡೊಂದು ಸಿಗುತ್ತದೆ. ಅದರ ಮೇಲಿನ ಅಕ್ಷರಗಳನ್ನು ಓದಿ, ಅವನ್ನು ಹೆರೆದು ಬೆಂಕಿಗೆ ಹಾಕಿ, ಎಲುಬನ್ನೂ ಸುಟ್ಟು, ಹಾಸುಹೊದಿಕೆಗಳನ್ನು ಗಾಳಿಗೆ ಹರಡಿಸುತ್ತಾನೆ. ಬಳಿಕ ತಾನೇ ಹೊಸದಾಗಿ ಕೊರೆದು ಅವಳ ದಿಂಬಿನಡಿ ಇಡುತ್ತಾನೆ. ಹುಡುಗಿ ನಿದ್ದೆಯಿಂದ ಎದ್ದವಳಂತೆ ಕಣ್ಣು ತೆರೆಯುತ್ತಾಳೆ. ರೂನ್‌ಗಳನ್ನು ಸರಿಯಾಗಿ ಓದಲು ಬಾರದವನು ಕೊರೆಯಲು ಹೋಗಬಾರದು ಎಂಬರ್ಥದ ಪದ್ಯವನ್ನು ಎಗಿಲ್ ಅಲ್ಲಿ ಹೇಳುತ್ತಾನೆ. ಕೊರೆದ ಹುಡುಗನಿಗೆ ಕೆಡುಕಿನ ಉದ್ದೇಶವಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಅವಳ ಒಲವು. ನಿಮ್ಮ ನಾಯಕನೂ ತಾನು ಪ್ರೀತಿಸುವ ಒಬ್ಬರಿಗೆ ಒಳ್ಳೆಯ ಮನಸ್ಸಿನಿಂದಲೇ ಹೀಗೊಂದು ಹಾನಿ ಮಾಡಲಿ.

ಮಿಂಚನ್ನು ಗುಡುಗಿನ ದೇವ ಥಾರ್‌ಗೇ ಬಿಟ್ಟುಬಿಡಿ. ಗಾಯ ತಾನಾಗಿ ಮಾಯುವುದನ್ನಂತೂ ಪೂರ್ತಿಯಾಗಿ ತೆಗೆದುಹಾಕಿ. ಗಾಯವೇ ಆಗದವನ ಯುದ್ಧದಲ್ಲಿ ಓದುಗನಿಗೆ ಕಳೆದುಕೊಳ್ಳುವುದೇನೂ ಇರುವುದಿಲ್ಲ. ತೋಳವಾಗುವುದರ ಬಗ್ಗೆ ಮುಂದಿನ ಪ್ರಶ್ನೆಗೆ ಉತ್ತರಿಸುವಾಗ ಹೇಳುತ್ತೇನೆ.

ಪ್ರಶ್ನೆ: ಗೆಳೆಯರೊಂದಿಗೆ ಆಡಲು ನಾವೇ ಒಂದು ಬೋರ್ಡ್ ಗೇಮ್ ರೂಪಿಸುತ್ತಿದ್ದೇವೆ. ಅದರಲ್ಲಿ ಬರ್ಸರ್ಕರ್ (ಆವೇಶ ಬಂದು ಹೋರಾಡುವ) ಯೋಧನಿಗೆ ಎಷ್ಟು ಬಲದ ಅಂಕಗಳನ್ನು ಕೊಟ್ಟರೂ ಎಲ್ಲರೂ ಅವನನ್ನೇ ಆರಿಸಿಕೊಳ್ಳುತ್ತಾರೆ. ಸಮತೋಲನ ತರುವುದು ಹೇಗೆ?
– ಗೋಣಿಕೊಪ್ಪಲಿನ ವಿದ್ಯಾರ್ಥಿಗಳು

ಉತ್ತರ: ಅಂಕಗಳನ್ನು ಇಳಿಸಬೇಡಿ, ಅವು ಇರುವ ಅವಧಿಯನ್ನು ಇಳಿಸಿ. 13ನೆಯ ಶತಮಾನದ ಐಸ್‌ಲ್ಯಾಂಡಿನ ವಿದ್ವಾಂಸ ಸ್ನೋರಿ ಸ್ಟುರ್ಲುಸನ್ ಬರೆದಂತೆ ಓಡಿನ್‌ನ ಯೋಧರು ಕವಚವಿಲ್ಲದೆ ನುಗ್ಗುತ್ತಿದ್ದರು, ನಾಯಿ ತೋಳಗಳಂತೆ ಹುಚ್ಚೆದ್ದು ತಮ್ಮ ಗುರಾಣಿಗಳನ್ನೇ ಕಚ್ಚುತ್ತಿದ್ದರು, ಬೆಂಕಿಯಾಗಲಿ ಕಬ್ಬಿಣವಾಗಲಿ ಅವರನ್ನು ಏನೂ ಮಾಡುತ್ತಿರಲಿಲ್ಲ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ 1831ರ ಹೊತ್ತಿಗೆ ಬೆಳಕಿಗೆ ಬಂದ ವಾಲ್ರಸ್ ದಂತದ ಚದುರಂಗದ ಕಾಯಿಗಳಲ್ಲಿ, ಗುರಾಣಿಯ ಅಂಚಿಗೆ ಹಲ್ಲು ಕಚ್ಚಿ ನಿಂತ ಯೋಧರಿದ್ದಾರೆ. ಎಲ್ಲರ ಕಣ್ಣಿಗೂ ಬೀಳುವುದು ಈ ಆವೇಶವೇ. ಎಗಿಲ್‌ನ ಅಜ್ಜ ಕ್ವೆಲ್ಡುಲ್ಫ್‌ನ ಕಥೆಯಲ್ಲಿ ಆವೇಶ ಇಳಿದ ಮೇಲಿನ ಸ್ಥಿತಿಯೂ ಇದೆ. ಅವನು ಬೆಳಗ್ಗೆ ಬೇಗನೆ ಎದ್ದು ಹೊಲ, ದನಕರು, ಕುಶಲಕರ್ಮಿಗಳ ಕೆಲಸವನ್ನೆಲ್ಲ ನೋಡಿಕೊಂಡು ಬರುವ, ಕೇಳಿದವರಿಗೆ ಒಳ್ಳೆಯ ಸಲಹೆ ಕೊಡುವ ಯಜಮಾನ. ಹೊತ್ತು ಇಳಿಯುತ್ತಿದ್ದಂತೆ ಮುಖ ಗಂಟಿಕ್ಕಿಕೊಂಡು ಯಾರೊಂದಿಗೂ ಮಾತನಾಡದವನಾಗುತ್ತಿದ್ದ. ಅವನು ರೂಪ ಬದಲಿಸುತ್ತಾನೆಂದು ಜನ ಹೇಳುತ್ತಿದ್ದರು. ಮಗನನ್ನು ಕೊಂದವರ ಮೇಲಿನ ಸೇಡಿಗಾಗಿ ಹಡಗೊಂದರ ಮೇಲೆ ಎರಗಿದಾಗ ಅವನನ್ನು ತಡೆಯುವವರಿರಲಿಲ್ಲ; ಆವೇಶ ಇಳಿದ ಮೇಲೆ ಎಷ್ಟು ನಿಶ್ಶಕ್ತನಾದನೆಂದರೆ ಹಾಸಿಗೆ ಹಿಡಿದವನು ಮತ್ತೆ ಏಳದೆ, ಐಸ್‌ಲ್ಯಾಂಡಿಗೆ ಹೋಗುವ ಕಡಲದಾರಿಯಲ್ಲೇ ತೀರಿಕೊಂಡ.

ನಿಮ್ಮ ಆಟದಲ್ಲಿ ಆವೇಶದ ಸುತ್ತುಗಳಲ್ಲಿ ಅವನು ಅಜೇಯನಾಗಿರಲಿ, ಆದರೆ ಆಗ ಮಿತ್ರನೂ ವೈರಿಯೂ ಅವನಿಗೆ ಒಂದೇ ಆಗಲಿ. ಎಷ್ಟು ಸುತ್ತು ಆವೇಶದಲ್ಲಿದ್ದನೋ ಅಷ್ಟೇ ಸುತ್ತು ಆಯುಧ ಎತ್ತಲಾರದೆ ಬಿದ್ದಿರಲಿ, ಪ್ರತಿಸಲವೂ ಅವನ ಆಯುಸ್ಸಿನಿಂದ ಒಂದು ಅಂಕ ಶಾಶ್ವತವಾಗಿ ಕಳೆಯಲಿ. ಆಗ ಅವನನ್ನು ಆರಿಸಿಕೊಂಡವರು ಯಾವಾಗ ಆವೇಶಕ್ಕೆ ಹೋಗಬಾರದೆಂದು ಯೋಚಿಸಲು ಆರಂಭಿಸುತ್ತಾರೆ. ಮಡಿಕೇರಿಯ ಓದುಗರು ಕೇಳಿದ ತೋಳದ ರೂಪಕ್ಕೂ ಇದೇ ಕ್ರಮವನ್ನು ಅನ್ವಯಿಸಬಹುದು.

ಪ್ರಶ್ನೆ: ನನ್ನ ಕಥೆಯ ನಾಯಕಿ ಯೋಧೆ, ಜೊತೆಗೆ ಭವಿಷ್ಯ ಕಾಣುವವಳು. ಅವಳ ಖಡ್ಗಕ್ಕೂ ದೈವಿಕ ಶಕ್ತಿಯಿದೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಂದು ನಮ್ಮ ಮನೆಗಳಲ್ಲಿ ಒಡಿಕತ್ತಿ, ಕೋವಿಗಳಿಗೆ ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜಿಸುವುದನ್ನು ಅಲ್ಲಿ ಬಳಸಿಕೊಳ್ಳಬಹುದೆ?
– ವಿರಾಜಪೇಟೆಯ ಓದುಗರು

ಉತ್ತರ: ಆಚರಣೆಯನ್ನು ಹಾಗೆಯೇ ಎತ್ತಿ ಉತ್ತರದ ನಾಡಿನಲ್ಲಿ ನೆಡಬೇಡಿ, ಅದು ಅಲ್ಲಿಗೂ ಸಲ್ಲದು, ಇಲ್ಲಿಯದಕ್ಕೂ ನ್ಯಾಯ ಒದಗಿಸದು. ಆದರೆ ಆಯುಧವನ್ನು ಮನೆತನದ ಒಬ್ಬ ಹಿರಿಯನಂತೆ ಕಾಣುವ ನಿಮ್ಮ ಅನುಭವವನ್ನು ಧಾರಾಳವಾಗಿ ಬಳಸಿಕೊಳ್ಳಿ, ಏಕೆಂದರೆ ನಾರ್ಸ್ ಖಡ್ಗಗಳಿಗೂ ಹೆಸರು, ವಂಶ, ಚರಿತ್ರೆಗಳಿವೆ. ನಿಮ್ಮ ನಾಯಕಿಗೆ ಹೆರ್ವೋರ್ ಎಂಬವಳು ತಕ್ಕ ಪೂರ್ವಜೆ. ಗಂಡುಡುಗೆ ತೊಟ್ಟು, ಸಮಾಧಿಗಳ ಸುತ್ತ ಬೆಂಕಿ ಉರಿಯುವ ದ್ವೀಪಕ್ಕೆ ರಾತ್ರಿ ಒಬ್ಬಳೇ ಹೋಗಿ, ಸತ್ತ ತಂದೆ ಅಂಗಂಟೀರ್‌ನನ್ನು ಎಬ್ಬಿಸಿ, ಟಿರ್ಫಿಂಗ್ ಎಂಬ ಖಡ್ಗವನ್ನು ಕೊಡೆಂದು ಹಟ ಹಿಡಿಯುತ್ತಾಳೆ. ಒರೆಯಿಂದ ಹೊರಬಂದಾಗಲೆಲ್ಲ ಒಬ್ಬನನ್ನಾದರೂ ಕೊಲ್ಲದೆ ಅದು ಮರಳದು. ಈ ಖಡ್ಗ ನಿನ್ನ ವಂಶವನ್ನೇ ನಾಶಮಾಡುತ್ತದೆ ಎಂದು ತಂದೆ ಎಚ್ಚರಿಸುತ್ತಾನೆ. ಅವಳು ಕೇಳಿಸಿಕೊಂಡು, ಅರ್ಥಮಾಡಿಕೊಂಡು, ಆದರೂ ಅದನ್ನೇ ಪಡೆದು ಹೋಗುತ್ತಾಳೆ. ಮುಂದೆ ಅವಳ ಮಗನೇ ಅದರಿಂದ ಒಡಹುಟ್ಟಿದವನನ್ನು ಕೊಲ್ಲುತ್ತಾನೆ. ಹೆಣ್ಣು ಯೋಧೆಯಾಗಿರಬಹುದೇ ಎಂದು ಯಾರಾದರೂ ನಿಮ್ಮನ್ನು ಕೇಳಿದರೆ, ಸ್ವೀಡನ್ನಿನ ಬಿರ್ಕಾದಲ್ಲಿ 1878ರಲ್ಲಿ ಅಗೆದ, ಖಡ್ಗ ಕೊಡಲಿ ಬಾಣಗಳು ಮತ್ತು ಎರಡು ಕುದುರೆಗಳೊಂದಿಗಿದ್ದ ಸಮಾಧಿಯ ವ್ಯಕ್ತಿ ಹೆಣ್ಣೆಂದು 2017ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ತೋರಿಸಿದೆ ಎಂದು ತಿಳಿಸಿ.

ಭವಿಷ್ಯ ಕಾಣುವ ಶಕ್ತಿಯನ್ನು ಮಾತ್ರ ಅವಳಿಂದ ತೆಗೆದು ಇನ್ನೊಬ್ಬಳಿಗೆ ಕೊಡಿ. ಎರಿಕ್ ದಿ ರೆಡ್‌ನ ಸಾಗಾದಲ್ಲಿ ಗ್ರೀನ್‌ಲ್ಯಾಂಡಿಗೆ ಬರಗಾಲ ಬಂದಾಗ ಥೋರ್ಬ್ಯೋರ್ಗ್ ಎಂಬ ಕಣಿಗಾರ್ತಿಯನ್ನು ಕರೆಸುತ್ತಾರೆ. ಅಂಚಿನವರೆಗೂ ಕಲ್ಲುಗಳನ್ನು ಕೂರಿಸಿದ ನೀಲಿ ಹೊದಿಕೆ, ಗಾಜಿನ ಮಣಿಸರ, ಬೆಕ್ಕಿನ ತುಪ್ಪುಳಿನ ಕೈಗವಸು, ಹಿತ್ತಾಳೆ ಗುಬುಟಿನ ಕೋಲು, ಎಲ್ಲವೂ ಇದ್ದರೂ ಅವಳಿಂದ ಒಬ್ಬಳೇ ಕಣಿ ಹೇಳಲಾಗುವುದಿಲ್ಲ. ಆತ್ಮಗಳನ್ನು ಕರೆಯುವ ಹಾಡು ಬಲ್ಲವರು ಬೇಕು. ಅಲ್ಲಿ ಅದನ್ನು ಬಲ್ಲವಳು ಗುದ್ರಿದ್ ಒಬ್ಬಳೇ. ಸಾಕುತಾಯಿಯಿಂದ ಕಲಿತದ್ದು ನಿಜ, ಆದರೆ ತಾನೀಗ ಕ್ರೈಸ್ತಳು, ಹಾಡಲಾರೆ ಎನ್ನುತ್ತಾಳೆ. ಒತ್ತಾಯಿಸಿದ ಮೇಲೆ ಹಾಡಿದಾಗ ಅಷ್ಟು ಇಂಪಾಗಿ ಅದನ್ನು ಎಂದೂ ಕೇಳಿರಲಿಲ್ಲವೆಂದು ನೆರೆದವರು ಹೇಳುತ್ತಾರೆ. ದುಡಿ ಬಾರಿಸುತ್ತ ಬಾಳೋಪಾಟ್ ಎಂಬ ಕೊಡವ ಜಾನಪದ ಗೀತೆ ಹಾಡುವುದನ್ನು ಕೇಳಿ ಬೆಳೆದ ನಿಮಗೆ, ಹಾಡು ಬಲ್ಲವರು ಊರಿನಲ್ಲಿ ಒಬ್ಬರೇ ಉಳಿಯುವುದೆಂದರೇನೆಂದು ವಿವರಿಸಬೇಕಾಗಿಲ್ಲ. ನಿಮ್ಮ ಯೋಧೆಗೆ ಆ ಹಾಡು ಮಾತ್ರ ಗೊತ್ತಿರಲಿ, ಭವಿಷ್ಯ ಕಾಣುವುದು ಕಣಿಗಾರ್ತಿಯ ಪಾಲಿಗಿರಲಿ, ಇಬ್ಬರಿಗೂ ಪರಸ್ಪರ ನಂಬಿಕೆ ಇಲ್ಲದಿರಲಿ.

ಪ್ರಶ್ನೆ: ನನ್ನ ಚಿತ್ರಕಥೆಯ ಯೋಧನಿಗೆ ಕೊಂಬಿನ ಶಿರಸ್ತ್ರಾಣವನ್ನೂ ಮೈತುಂಬ ರೂನ್ ಹಚ್ಚೆಯನ್ನೂ ಬರೆದಿದ್ದೇನೆ. ಸರಿಯೇ?
– ಕುಶಾಲನಗರದ ಓದುಗರು

ಉತ್ತರ: ಕೊಂಬುಗಳನ್ನು ಅಳಿಸಿ. ನಾರ್ಸ್ ಕಡಲಯೋಧರಾದ ವೈಕಿಂಗರು ಅಂಥದನ್ನು ಧರಿಸಿ ಯುದ್ಧ ಮಾಡಿದ್ದಕ್ಕೆ ಪುರಾವೆಯಿಲ್ಲ. 1876ರಲ್ಲಿ ಜರ್ಮನ್ ಸಂಗೀತಕಾರ ವಾಗ್ನರ್‌ನ ಆಪೆರಾಗಳಿಗೆ ರೂಪಿಸಿದ ಉಡುಪುಗಳಿಂದ ಆ ಚಿತ್ರ ಹೆಚ್ಚು ಪ್ರಚಾರಕ್ಕೆ ಬಂತು. 1943ರಲ್ಲಿ ನಾರ್ವೆಯ ಗ್ಯೆರ್ಮುಂಡ್‌ಬೂನಲ್ಲಿ ದೊರೆತ ಕಬ್ಬಿಣದ ಶಿರಸ್ತ್ರಾಣ ಗುಂಡಗಿದ್ದು, ಕಣ್ಣಿನ ಸುತ್ತ ಕನ್ನಡಕದಂಥ ಕಾಪು ಹೊಂದಿದೆ. ಬರೆಯಲು ಅದೇ ಹೆಚ್ಚು ಭಯ ಹುಟ್ಟಿಸುವಂತಿದೆ. ಹಚ್ಚೆಗೆ ಒಂದು ಆಧಾರವುಂಟು: 922ರಲ್ಲಿ ವೋಲ್ಗಾ ನದಿಯ ತೀರದಲ್ಲಿ ಉತ್ತರದ ರುಸ್ ವರ್ತಕರನ್ನು ಕಂಡ ಅರಬ್ ಪ್ರವಾಸಿ ಇಬ್ನ್ ಫದ್ಲಾನ್, ಅವರ ಮೈಮೇಲೆ ಉಗುರಿನ ತುದಿಯಿಂದ ಕುತ್ತಿಗೆಯವರೆಗೆ ಮರಗಳೂ ಇತರ ಆಕೃತಿಗಳೂ ಇದ್ದವೆಂದು ಬರೆದಿದ್ದಾನೆ. ಅಕ್ಷರಗಳ ಮಾತನ್ನು ಅವನು ಹೇಳಿಲ್ಲ, ಆದ್ದರಿಂದ ಮೈತುಂಬ ಮರಗಳನ್ನು ಬರೆದು, ರೂನ್‌ಗಳನ್ನು ಖಡ್ಗದ ಹಿಡಿಗೆ ಮೀಸಲಿಡಿ. ವಿಜಯದ ರೂನ್‌ಗಳನ್ನು ಅಲ್ಲಿ ಕೊರೆದು ಟೀರ್‌ನ ಹೆಸರನ್ನು ಎರಡು ಬಾರಿ ಕರೆಯಬೇಕೆಂದು ಪುರಾಣದ ಯುದ್ಧಕನ್ಯೆ ಸಿಗ್ರ್‌ದ್ರೀವಾ ವೀರ ಸಿಗುರ್ಡ್‌ನಿಗೆ ಕಲಿಸುತ್ತಾಳೆ. ವೈಕಿಂಗ್ ಕಾಲದ ಕಥೆಯಾದರೆ ಇಪ್ಪತ್ತನಾಲ್ಕು ಅಕ್ಷರಗಳ ಹಳೆಯ ಮಾಲೆಯ ಬದಲು ಆಗ ಬಳಕೆಯಲ್ಲಿದ್ದ ಹದಿನಾರು ಅಕ್ಷರಗಳ ಮಾಲೆಯನ್ನು ಬಳಸಿ. ಮಿಂಚಿನಾಕಾರದ ಅಕ್ಷರವನ್ನು ಜೋಡಿಯಾಗಿ ಮಾತ್ರ ಎಲ್ಲಿಯೂ ಬರೆಯಬೇಡಿ, ಏಕೆಂದರೆ ಅದನ್ನು ಹಿಟ್ಲರನ ಎಸ್‌ಎಸ್ ಪಡೆ ತನ್ನ ಲಾಂಛನವಾಗಿ ಮಾಡಿಕೊಂಡಿತ್ತು.