ಬೆಟ್ಟಕ್ಕೆ ಹೋದರೂ ಕೆಮ್ಮು ಯಾಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಗಾಳಿ ಅಳೆಯುವ ಯಂತ್ರಗಳ ಜೊತೆ ಕೆಲಸ ಮಾಡಿ ನಿವೃತ್ತಳಾದವಳು ನಾನು. ಬೆಟ್ಟದ ಓಟದ ಚಟಕ್ಕೆ ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ. ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚುಕಡಿಮೆ ಒಂದೇ ದೂರು: ಶುದ್ಧ ಗಾಳಿ ಸಿಗುತ್ತದೆಂದು ಬೆಟ್ಟಕ್ಕೋ ಕಡಲಿಗೋ ಹೋದೆವು, ಗಂಟಲು ಕೆಡಿಸಿಕೊಂಡು ಬಂದೆವು. ಮದ್ದಿನ ವಿಚಾರ ನಿಮ್ಮ ವೈದ್ಯರಿಗೇ ಬಿಟ್ಟದ್ದು. ಆ ಹೊತ್ತಿನಲ್ಲಿ ಗಾಳಿ ಏನು ಮಾಡುತ್ತಿತ್ತು ಎನ್ನುವುದನ್ನಷ್ಟೇ ಹೇಳಬಲ್ಲೆ.

ಪ್ರಶ್ನೆ: ಮೇಡಂ, ಚಳಿಗಾಲದಲ್ಲಿ ಓಟದ ಶಿಬಿರಕ್ಕೆಂದು ಕಣಿವೆಯ ಊರೊಂದಕ್ಕೆ ಹೋಗಿದ್ದೆವು. ಸುತ್ತ ಹಿಮದ ಶಿಖರಗಳು, ಮೇಲೆ ಸ್ವಚ್ಛ ಆಕಾಶ. ಬೆಳಗ್ಗೆ ಆರಕ್ಕೆ ಓಡಿದ ನಮಗೆಲ್ಲ ಗಂಟಲು ಕೆರೆತ, ಎದೆ ಬಿಗಿತ. ಅದೇ ದಾರಿಯಲ್ಲಿ ಮಧ್ಯಾಹ್ನ ಓಡಿದವರಿಗೆ ಏನೂ ಆಗಲಿಲ್ಲ. ಬೆಳಗಿನ ಗಾಳಿಯೇ ಒಳ್ಳೆಯದು ಅಂತಾರಲ್ಲ?

ಉತ್ತರ: ಅಂತಾರೆ. ಚಳಿಗಾಲದ ಕಣಿವೆಗೆ ಆ ಮಾತು ಹೊಂದುವುದಿಲ್ಲ.

ಸಂಜೆಯಾದ ಮೇಲೆ ಇಳಿಜಾರು ಬೇಗ ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ನೀರು ಇಳಿದ ಹಾಗೆ ಇಳಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ. ಸಾಮಾನ್ಯವಾಗಿ ಮೇಲೆ ಹೋದಷ್ಟೂ ಚಳಿ ಹೆಚ್ಚಬೇಕು, ಇಲ್ಲಿ ತಿರುವುಮುರುವು. ಕೆಳಗಿನ ಗಾಳಿಗೆ ಮೇಲೇಳುವ ದಾರಿಯೇ ಇಲ್ಲ. ರಾತ್ರಿಯಿಡೀ ಮನೆಮನೆಯಲ್ಲಿ ಉರಿದ ಕಟ್ಟಿಗೆಯ ಹೊಗೆ, ವಾಹನಗಳ ಹೊಗೆ ಎಲ್ಲ ಅಲ್ಲೇ ಸೇರುತ್ತಾ ಹೋಗುತ್ತವೆ. ನೀವು ಆರು ಗಂಟೆಗೆ ಓಡಿದ್ದು ಅದರೊಳಗೆ. ಬಿಸಿಲು ನೆಲ ಕಾಯಿಸಿ ಆ ಪದರ ಒಡೆಯುವುದಕ್ಕೆ ಹತ್ತು, ಹನ್ನೊಂದು ಗಂಟೆಯಾದರೂ ಆಗಬೇಕು. ಕಡು ಚಳಿಗಾಲದಲ್ಲಿ ದಿನಗಟ್ಟಲೆ ಒಡೆಯದೆ ಉಳಿಯುವುದೂ ಉಂಟು.

ಶಿಖರ ಕಾಣುತ್ತಿತ್ತು, ಆಕಾಶ ಸ್ವಚ್ಛವಾಗಿತ್ತು ಎಂದಿದ್ದೀರಿ. ಇರಬಹುದು, ಹೊಗೆಯ ಪದರ ಎಷ್ಟೋ ಸಲ ಕೆಲವೇ ನೂರು ಮೀಟರ್ ದಪ್ಪ. ನೆತ್ತಿಯ ಮೇಲೆ ನೋಡಿದರೆ ತಿಳಿಯುವುದಿಲ್ಲ. ಕಣಿವೆಯ ಉದ್ದಕ್ಕೂ ದೂರಕ್ಕೆ ನೇರ ದೃಷ್ಟಿ ಹಾಯಿಸಿದರೆ ಬೂದು ಪಟ್ಟಿ ಕಾಣುತ್ತದೆ. ಇನ್ನೂ ಸುಲಭದ ಗುರುತು ಚಿಮಣಿ: ಹೊಗೆ ನೆಟ್ಟಗೆ ಎದ್ದು, ಒಂದು ಎತ್ತರದಲ್ಲಿ ತಡೆದ ಹಾಗೆ ಅಡ್ಡಲಾಗಿ ಹರಡಿದರೆ ಮೇಲೆ ಮುಚ್ಚಳ ಬಿದ್ದಿದೆ ಎಂದರ್ಥ. ಅಂಥ ಬೆಳಗ್ಗೆ ನಾನು ಊರೊಳಗೆ ಓಡುವುದೇ ಇಲ್ಲ. ವಾಹನದಲ್ಲಿ ಮುನ್ನೂರು ನಾನೂರು ಮೀಟರ್ ಮೇಲೇರಿ, ಹೊಗೆಯನ್ನು ಕೆಳಗೆ ಬಿಟ್ಟು ಅಲ್ಲಿಂದ ಓಟ ಶುರು. ಮೇಲೆ ಹೋದಾಗ ಚಳಿ ಕಡಿಮೆಯಾದರೆ ಪದರ ದಾಟಿದ್ದೀರಿ.

ಇದು ಯಾವುದೋ ಒಂದು ಕಣಿವೆಯ ಕಥೆಯಲ್ಲ. ಫ್ರಾನ್ಸಿನಲ್ಲಿ ಮೌಂಟ್ ಬ್ಲಾಂಕ್ ಶಿಖರದ ಬುಡದ ಆರ್ವ್ ಕಣಿವೆ, ಅಮೆರಿಕದ ಸಾಲ್ಟ್ ಲೇಕ್ ಸಿಟಿ, ಕಠ್ಮಂಡು, ಮೂರಕ್ಕೂ ಚಳಿಗಾಲದ ಕಾಯಿಲೆ ಇದೇ. ಮೂರೂ ಕಡೆಗೆ ಜನ ಬೆಟ್ಟದ ಗಾಳಿ ಕುಡಿಯಲೆಂದೇ ಹೋಗುವುದು! ಅಮೆರಿಕದ ಪೆನ್ಸಿಲ್ವೇನಿಯಾದ ಡೊನೋರಾ ಎಂಬ ನದಿ ಕಣಿವೆಯ ಊರಿನಲ್ಲಿ 1948ರ ಅಕ್ಟೋಬರ್ ಕೊನೆಯಲ್ಲಿ ಇಂಥದೇ ಮುಚ್ಚಳ ದಿನಗಟ್ಟಲೆ ಕದಲಲಿಲ್ಲ. ಸತು ಮತ್ತು ಉಕ್ಕಿನ ಕಾರ್ಖಾನೆಗಳ ಹೊಗೆ ಅಡಿಯಲ್ಲಿ ಸಿಕ್ಕಿ 20 ಜನ ಸತ್ತರು. ಮಳೆ ಬಂದ ಮೇಲೇ ಅದು ತಿಳಿಯಾದದ್ದು.

ಇನ್ನೊಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸುಮ್ಮನೆ ಕೂತವರು ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಎಳೆದುಕೊಳ್ಳುತ್ತಾರೆ. ಪಳಗಿದ ಓಟಗಾರರು ಜೋರಾಗಿ ಓಡುವಾಗ ಅದು 100 ಲೀಟರ್ ದಾಟುತ್ತದೆ. ಮೂಗು ಸಾಲದೆ ಬಾಯಿ ತೆರೆಯುತ್ತೇವೆ, ಮೂಗು ಸೋಸುತ್ತಿದ್ದದ್ದೂ ತಪ್ಪುತ್ತದೆ. ಹೋಟೆಲಿನ ಕಿಟಕಿಯಲ್ಲಿ ಕೂತವರು ಅರ್ಧ ದಿನದಲ್ಲಿ ಎಳೆದುಕೊಳ್ಳುವ ಹೊಗೆ ನಿಮ್ಮೊಳಗೆ ಒಂದು ಗಂಟೆಯಲ್ಲಿ ಹೋಗುತ್ತದೆ. ಊರಿನವರಿಗೆ ಏನೂ ಆಗುವುದಿಲ್ಲವಲ್ಲ ಎಂದು ಕೇಳುವವರಿಗೆ ಇದೇ ಉತ್ತರ.

ಪ್ರಶ್ನೆ: ಬೇಸಿಗೆಯಲ್ಲಿ ಘಾಟಿ ಹತ್ತುವ ಸೈಕಲ್ ತಂಡ ನಮ್ಮದು. ಮಧ್ಯಾಹ್ನ ಮೂರರ ಸುಮಾರಿಗೆ ತುದಿಯ ಹತ್ತಿರ ಎಲ್ಲರಿಗೂ ದೀರ್ಘ ಉಸಿರು ಎಳೆದರೆ ಕೆಮ್ಮು. ಹೊಗೆಯಿಲ್ಲ, ಧೂಳಿಲ್ಲ, ವಾಸನೆಯೂ ಇಲ್ಲ. ಎತ್ತರದ ಪರಿಣಾಮವೇ?

ಉತ್ತರ: ಎತ್ತರ ಎಷ್ಟೆಂದು ಬರೆದಿಲ್ಲ. 2,500 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲು, ಉಸಿರಾಟ ಹೆಚ್ಚುವುದು ಸಹಜ. ಆದರೆ ಆಳವಾಗಿ ಎಳೆದಾಗ ಕೆಮ್ಮು ಬರುವುದು, ಅದೂ ಬಿಸಿಲಿನ ಮಧ್ಯಾಹ್ನ ಎಂದಾಗ ನನ್ನ ಮೊದಲ ಅನುಮಾನ ಉಸಿರಿನ ದಾರಿ ಕೆರಳಿಸುವ ಓಝೋನ್ ಎಂಬ ಅನಿಲದ ಮೇಲೆ.

ನೆಲದ ಹತ್ತಿರದ ಓಝೋನನ್ನು ಯಾರೂ ಚಿಮಣಿಯಿಂದ ಬಿಡುವುದಿಲ್ಲ. ವಾಹನ, ಕಾರ್ಖಾನೆಗಳ ನೈಟ್ರೋಜನ್ ಆಕ್ಸೈಡುಗಳೂ ಪೆಟ್ರೋಲಿನಂಥವುಗಳ ಆವಿಯೂ ಬಿಸಿಲಿನಲ್ಲಿ ಬೆರೆತು ಅದು ಹುಟ್ಟುತ್ತದೆ. ಅದಕ್ಕೆ ಹೊತ್ತು ಬೇಕು, ಆದ್ದರಿಂದಲೇ ಮಧ್ಯಾಹ್ನದ ನಂತರ ಏರುತ್ತದೆ. ಹಗಲಿನಲ್ಲಿ ಬಿಸಿಯಾದ ಇಳಿಜಾರಿನ ಮೇಲೆ ಗಾಳಿ ಮೇಲ್ಮುಖವಾಗಿ ಹತ್ತುವುದರಿಂದ, ಬಯಲಿನ ಊರುಗಳ ಹೊಲಸು ನಿಮ್ಮ ಬೆನ್ನ ಹಿಂದೆಯೇ ಘಾಟಿ ಹತ್ತಿ ಬಂದಿರುತ್ತದೆ. ಕ್ಯಾಲಿಫೋರ್ನಿಯಾದ ಸಿಕ್ವೊಯಾ ರಾಷ್ಟ್ರೀಯ ಉದ್ಯಾನ ದೈತ್ಯ ಮರಗಳಿಗೆ ಹೆಸರಾದದ್ದು. ಕೆಳಗಿನ ಸ್ಯಾನ್ ವಾಕೀನ್ ಕಣಿವೆಯಿಂದ ಏರಿಬರುವ ಓಝೋನಿಗೂ ಅದು ಅಷ್ಟೇ ಹೆಸರುವಾಸಿ.

ಇನ್ನೊಂದು ವಿಚಿತ್ರ: ನಗರದಲ್ಲಿ ರಾತ್ರಿ ವಾಹನಗಳ ನೈಟ್ರಿಕ್ ಆಕ್ಸೈಡ್ ಓಝೋನನ್ನು ತಿಂದುಹಾಕುತ್ತದೆ. ಬೆಟ್ಟದ ತುದಿಯಲ್ಲಿ ಅದನ್ನು ತಿನ್ನುವವರಿಲ್ಲ, ಹಾಗಾಗಿ ಬೆಳಗಿನವರೆಗೂ ಅಷ್ಟಿಷ್ಟು ಉಳಿದಿರುತ್ತದೆ. ಆದರೂ ಬೇಸಿಗೆಯಲ್ಲಿ ನೀವು ನಸುಕಿನಲ್ಲೇ ಹತ್ತಿ ಹನ್ನೊಂದರೊಳಗೆ ಇಳಿದುಬಿಡುವುದು ಮೇಲು. ಮೇಲಿನ ಪತ್ರದವರಿಗೆ ಬಿಸಿಲೇರುವವರೆಗೆ ಗಾಳಿ ಕೆಟ್ಟಿರುತ್ತದೆ ಎಂದೆ, ನಿಮಗೆ ಬೇಗ ಹೊರಡಿ ಎನ್ನುತ್ತಿದ್ದೇನೆ. ಎರಡೂ ಸರಿ. ಹೊಗೆಯ ಕಣದ ವೇಳಾಪಟ್ಟಿ ಬೇರೆ, ಓಝೋನಿನದು ಬೇರೆ.

ಪ್ರಶ್ನೆ: ಹದಿನಾರರ ಮಗಳಿಗೆ ಉಬ್ಬಸವಿದೆ. ಹಾಯಿದೋಣಿ ಕಲಿಯಬೇಕೆಂದು ಹಟ. ಸಮುದ್ರದ ಗಾಳಿ ಶ್ವಾಸಕೋಶಕ್ಕೆ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ. ಕಳಿಸಬಹುದೇ?

ಉತ್ತರ: ವೈದ್ಯರು ಒಪ್ಪಿದರೆ ಕಳಿಸಿ. ನೇರ ಸಮುದ್ರದಿಂದ ಬರುವ ಗಾಳಿ ಬಹುಪಾಲು ಒಳ್ಳೆಯದೇ. ಹತ್ತೊಂಬತ್ತನೇ ಶತಮಾನದಲ್ಲಿ ಕಡಲತೀರದ ಊರುಗಳು ‘ನಮ್ಮಲ್ಲಿ ಓಝೋನ್ ಇದೆ’ ಎಂದು ಜಾಹೀರಾತು ಹಾಕುತ್ತಿದ್ದವು! ಪುಣ್ಯಕ್ಕೆ ಜನ ಮೂಸುತ್ತಿದ್ದದ್ದು ಓಝೋನ್ ಅಲ್ಲ. ಆ ಕಡಲ ವಾಸನೆಯಲ್ಲಿ ದೊಡ್ಡ ಪಾಲು ಸಮುದ್ರದ ಸೂಕ್ಷ್ಮಜೀವಿಗಳಿಂದ ಬರುವ ಡೈಮೀಥೈಲ್ ಸಲ್ಫೈಡಿನದು.

ನೀವು ಗಮನಿಸಬೇಕಾದದ್ದು ಗಾಳಿಯ ದಿಕ್ಕು. ರಾತ್ರಿ ನೆಲದಿಂದ ಬೀಸುವ ಗಾಳಿ ನಗರದ ಹೊಗೆಯನ್ನು ನೀರಿನ ಮೇಲಕ್ಕೆ ಒಯ್ಯುತ್ತದೆ. ಹಗಲು ಕಡಲಗಾಳಿ ಶುರುವಾದಾಗ ಅದೇ ಹಳೆಯ ಗಾಳಿ, ಬಿಸಿಲಲ್ಲಿ ಬೆಂದು, ಓಝೋನ್ ಬೆರೆಸಿಕೊಂಡು ವಾಪಸು ಬರುವುದುಂಟು. ಲಾಸ್ ಏಂಜಲಿಸ್ ಸುತ್ತಮುತ್ತ, ಸ್ಪೇನಿನ ಮೆಡಿಟರೇನಿಯನ್ ಕರಾವಳಿಯಲ್ಲಿ ಇದು ಚೆನ್ನಾಗಿ ಗೊತ್ತಿರುವ ಸಂಗತಿ. ಸಮುದ್ರದ ಕಡೆಯಿಂದ ಬಂತು ಎಂದಾಕ್ಷಣ ಸಮುದ್ರದ್ದೇ ಗಾಳಿ ಎನ್ನುವಂತಿಲ್ಲ.

ತರಬೇತಿ ಬಂದರಿನ ಪಕ್ಕದಲ್ಲಾದರೆ ಹಡಗುಗಳ ಹೊಗೆ. 2020ರ ಜನವರಿಯಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿಯನ್ನು ಶೇ 3.5ರಿಂದ ಶೇ 0.5ಕ್ಕೆ ಇಳಿಸಿದ್ದಾರೆ, ದೊಡ್ಡ ಸುಧಾರಣೆಯೇ. ಆದರೂ ನಿಂತ ಹಡಗಿನ ಹೊಗೆ ಬೀಸುವ ಕಡೆಗೆ ಮಗಳ ದೋಣಿ ಇರಬಾರದು. ಆಮೇಲೆ ಕೆಂಪು ಅಲೆ. ಫ್ಲಾರಿಡಾ ತೀರದಲ್ಲಿ ಕರೇನಿಯಾ ಬ್ರೆವಿಸ್ ಎಂಬ ಪಾಚಿ ಹೆಚ್ಚಿದಾಗ ತೆರೆಗಳ ಹೊಡೆತಕ್ಕೆ ಅದರ ಕೋಶ ಒಡೆದು, ವಿಷ ತುಂತುರಿನಲ್ಲಿ ಬೆರೆತು ಗಾಳಿಗೆ ಬರುತ್ತದೆ. ಆರೋಗ್ಯವಂತರಿಗೆ ಕೆಮ್ಮು, ಕಣ್ಣುರಿ. ತೀರ ಬಿಟ್ಟರೆ ಕಡಿಮೆಯಾಗುತ್ತದೆ. ಉಬ್ಬಸವಿದ್ದವರಿಗೆ ಅಷ್ಟಕ್ಕೇ ನಿಲ್ಲುವುದಿಲ್ಲ. ಅಂಥ ಎಚ್ಚರಿಕೆ ಇದ್ದ ದಿನ ಯಾವ ಹಟಕ್ಕೂ ಮಣಿಯಬೇಡಿ. ಹವಾಯಿಯಲ್ಲಿ ಕಿಲಾವೆಯ ಜ್ವಾಲಾಮುಖಿಯ ಗಂಧಕದ ಮಂಜು, ಕೆನರಿ ದ್ವೀಪಗಳಲ್ಲಿ ಸಹಾರಾದ ಧೂಳು: ಕಡಲಿಗೆ ಕಡಲೇ ಬೇರೆ, ಹೋಗುವ ಮೊದಲು ಅಲ್ಲಿನ ತೊಂದರೆ ಯಾವುದೆಂದು ಕೇಳಿ ತಿಳಿದುಕೊಳ್ಳಿ. ಇನ್ಹೇಲರ್ ದಡದ ಚೀಲದಲ್ಲಿ ಬೇಡ, ನೀರು ಹೋಗದ ಪೊಟ್ಟಣದಲ್ಲಿ ಅವಳ ಮೈಮೇಲೇ ಇರಲಿ.

ಪ್ರಶ್ನೆ: ಒಂದೇ ಜಾಗ, ಒಂದೇ ಹೊತ್ತು. ಗಾಳಿಯ ಗುಣಮಟ್ಟದ ಸೂಚ್ಯಂಕ ಒಂದು ಆ್ಯಪಿನಲ್ಲಿ 83, ಇನ್ನೊಂದರಲ್ಲಿ 137. ಯಾವುದನ್ನು ನಂಬುವುದು?

ಉತ್ತರ: ಎರಡೂ ನಿಜ ಹೇಳುತ್ತಿರಬಹುದು. ಸೂಚ್ಯಂಕ ಎನ್ನುವುದು ಗಾಳಿಯ ಅಳತೆಯಲ್ಲ, ಅಳತೆಗೆ ಕೊಟ್ಟ ಅಂಕ. ಅಂಕ ಕೊಡುವ ನಿಯಮ ದೇಶಕ್ಕೊಂದು. ಒಂದು ಘನ ಮೀಟರ್ ಗಾಳಿಯಲ್ಲಿ 50 ಮೈಕ್ರೋಗ್ರಾಂ ಪಿಎಂ 2.5 (2.5 ಮೈಕ್ರೋಮೀಟರ್‌ವರೆಗಿನ ಅತಿಸಣ್ಣ ಕಣಗಳು) ಇದ್ದರೆ ಭಾರತದ ಸೂಚ್ಯಂಕದಲ್ಲಿ ಸುಮಾರು 83, ‘ತೃಪ್ತಿಕರ’. ಅಮೆರಿಕದ್ದರಲ್ಲಿ ಸುಮಾರು 137, ಸೂಕ್ಷ್ಮ ಆರೋಗ್ಯದವರಿಗೆ ಹಾನಿಕರ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿ 15 ಮೈಕ್ರೋಗ್ರಾಂ. ಅಂಕ ಬಿಟ್ಟು ಮೈಕ್ರೋಗ್ರಾಂ ನೋಡುವುದನ್ನು ರೂಢಿಸಿಕೊಳ್ಳಿ.

ಕಡಲತೀರದಲ್ಲಿ ಇನ್ನೂ ಎರಡು ಗೋಜಲು. ಉಪ್ಪಿನ ಕಣಗಳೂ ಪಿಎಂ 10ರ (10 ಮೈಕ್ರೋಮೀಟರ್‌ವರೆಗಿನ ಕಣಗಳ) ಲೆಕ್ಕಕ್ಕೆ ಸೇರುತ್ತವೆ, ಯುರೋಪಿನ ಕಾನೂನಿನಲ್ಲಿ ಅದನ್ನು ಕಳೆದು ತೋರಿಸಲು ಅವಕಾಶವೇ ಇದೆ. ಮತ್ತೆ, ಬೆಳಕು ಚದುರುವುದನ್ನು ನೋಡಿ ಎಣಿಸುವ ಅಗ್ಗದ ಸೆನ್ಸರುಗಳು ತೇವ ಕುಡಿದು ಉಬ್ಬಿದ ಕಣವನ್ನು ದೊಡ್ಡದೆಂದೇ ಲೆಕ್ಕ ಹಾಕುತ್ತವೆ. ಮಂಜು ಕವಿದ ಬೆಳಗ್ಗೆ ಬಾಲ್ಕನಿಯ ಸೆನ್ಸರ್ ಭಯಂಕರ ಅಂಕಿ ತೋರಿಸಿದರೆ, ಹತ್ತಿರದ ಸರ್ಕಾರಿ ಮಾಪನ ಕೇಂದ್ರದ ಅಂಕಿಯನ್ನೂ ನೋಡಿ ನಿರ್ಧರಿಸಿ. ಅಂಥ ಕೇಂದ್ರದ ಯಂತ್ರದ ಹೊಟ್ಟೆಯೊಳಗೆ ಗಾಳಿ ಒಣಗಿಸುವ ಕೊಳವೆ ಯಾಕಿದೆ ಎಂದು ಹೊಸಬರಿಗೆ ವಿವರಿಸಿ ವಿವರಿಸಿಯೇ ನನ್ನ ಕೂದಲು ಬೆಳ್ಳಗಾದದ್ದು.

ಪ್ರಶ್ನೆ: ಎನ್95 ಮಾಸ್ಕ್ ಹಾಕಿ ಓಡಬಹುದೇ?

ಉತ್ತರ: ನಡೆಯಬಹುದು. ಜೋರು ಓಟದಲ್ಲಿ ಬೆವರಿಗೆ ಅಂಚು ಸಡಿಲವಾಗುತ್ತದೆ, ಉಸಿರು ಎಳೆಯುವುದೂ ಕಷ್ಟ. ಓಝೋನಿಗಂತೂ ಅದು ತಡೆಯೇ ಅಲ್ಲ. ಮಾಸ್ಕ್ ಬೇಕು ಅನ್ನಿಸುವ ಗಾಳಿಯಲ್ಲಿ ಓಟವೇ ಬೇಡ. ನಾಚಿಕೆಪಡುವಂಥದ್ದೇನಿಲ್ಲ: ಉಬ್ಬಸವಿದ್ದ ಇಥಿಯೋಪಿಯಾದ ಓಟಗಾರ ಹೈಲೆ ಗೆಬ್ರಸೆಲಾಸಿ 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಗಾಳಿಗೆ ಹೆದರಿ ಮ್ಯಾರಥಾನ್ ಬಿಟ್ಟರು, 10,000 ಮೀಟರ್ ಮಾತ್ರ ಓಡಿದರು. ಮರುತಿಂಗಳು ಬರ್ಲಿನ್‌ನಲ್ಲಿ ಮ್ಯಾರಥಾನ್ ವಿಶ್ವದಾಖಲೆ ಮಾಡಿದರು.

ಪ್ರಶ್ನೆ: ಮೇಡಂ, ನನಗೆ ಹದಿನೆಂಟು. ಅಣ್ಣನ ಜೊತೆ ಮೊದಲ ಸಲ 4,000 ಮೀಟರ್ ದಾಟಿ ಚಾರಣಕ್ಕೆ ಹೊರಟಿದ್ದೇನೆ. ಅಷ್ಟು ಮೇಲೆ ಹೊಗೆ ಇರುವುದಿಲ್ಲ ಅಲ್ಲವಾ? ಚಳಿಯಿದ್ದರೆ ಟೆಂಟ್ ಮುಚ್ಚಿಕೊಂಡೇ ಅಡುಗೆ ಮಾಡೋಣ ಅಂತ ಅಣ್ಣ ಹೇಳ್ತಾನೆ.

ಉತ್ತರ: ಅಣ್ಣನಿಗೆ ಈ ಪುಟ ತೋರಿಸು. (ನೀನು ಅಂತಲೇ ಬರೆಯುತ್ತೇನಮ್ಮ, ಬೇಜಾರಿಲ್ಲ ತಾನೆ?) ಹೊಗೆ ಇಲ್ಲದ ಎತ್ತರಕ್ಕೆ ಹೊಗೆ ಹೊತ್ತುಕೊಂಡು ಹೋಗುವವರು ನೀವೇ. ಮುಚ್ಚಿದ ಟೆಂಟಿನಲ್ಲಿ ಸ್ಟೌವ್ ಹಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮೊದಲೇ ಆಮ್ಲಜನಕ ಕಡಿಮೆಯಿರುವ ಕಡೆ ಇದು ಎಷ್ಟು ಕೆಟ್ಟದ್ದೆಂದು ಹೇಳಬೇಕಿಲ್ಲ. ಅಂಟಾರ್ಕ್ಟಿಕಾದಲ್ಲಿ 1934ರಲ್ಲಿ ಒಬ್ಬಂಟಿಯಾಗಿ ಚಳಿಗಾಲ ಕಳೆಯಲು ಹೋದ ಅಡ್ಮಿರಲ್ ರಿಚರ್ಡ್ ಬರ್ಡ್ ಸಾವಿನ ಅಂಚಿಗೆ ಹೋದದ್ದು ಗುಡಿಸಲೊಳಗಿನ ಇದೇ ಅನಿಲದಿಂದ.

ತೊಡಕು ಏನೆಂದರೆ, ತಲೆನೋವು, ವಾಕರಿಕೆ, ಸುಸ್ತು, ಇವು ಎತ್ತರದ ಕಾಯಿಲೆಯ ಲಕ್ಷಣಗಳೂ ಹೌದು, ಈ ವಿಷದ ಲಕ್ಷಣಗಳೂ ಹೌದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನೂ ನಂಬಬೇಡ. ಸಾಮಾನ್ಯ ಆಕ್ಸಿಮೀಟರಿಗೆ ಆಮ್ಲಜನಕ ಹಿಡಿದ ರಕ್ತ, ಈ ಅನಿಲ ಹಿಡಿದ ರಕ್ತ ಎರಡೂ ಒಂದೇ ಬಣ್ಣ. ಪ್ರಾಣ ಹೋಗುತ್ತಿದ್ದರೂ ‘98’ ಎಂದು ತೋರಿಸುತ್ತಾ ಕೂತಿರುತ್ತದೆ. ಒಂದೇ ಟೆಂಟಿನ ಇಬ್ಬರಿಗೂ ಒಟ್ಟಿಗೆ ತಲೆ ಸಿಡಿಯತೊಡಗಿದರೆ ಸ್ಟೌವ್ ಆರಿಸಿ, ಇಬ್ಬರೂ ಹೊರಗೆ ಬನ್ನಿ, ಜೊತೆಯವರನ್ನು ಕೂಗಿ ಎಬ್ಬಿಸಿ. ಕೂತಲ್ಲೇ ಏದುಸಿರು ಬಂದರೆ, ಕೆಮ್ಮಿದಾಗ ನೊರೆ ಬಂದರೆ ಬೆಳಗಾಗಲಿ ಎಂದು ಕಾಯದೆ ಕೆಳಗಿಳಿಯಿರಿ. ಅಡುಗೆ ಹೊರಗೆ, ಗಾಳಿ ತಡೆಯುವ ಬಂಡೆಯ ಮರೆಯಲ್ಲಿ. ಹಿಮ ಸುರಿಯುತ್ತಿದೆ, ಬೇರೆ ದಾರಿಯೇ ಇಲ್ಲ ಎಂದಾದರೆ ಬಾಗಿಲ ಮುಂದಿನ ಚಾಚಿನಡಿ, ಬಾಗಿಲೂ ಮೇಲಿನ ಕಿಂಡಿಯೂ ಪೂರ್ತಿ ತೆರೆದು, ಒಬ್ಬರು ಸ್ಟೌವ್ ಪಕ್ಕ ಕದಲದೆ ಕೂತು. ಆ ಒಬ್ಬರು ಅಣ್ಣನೇ ಆಗಲಿ.