ಮುಂಜಿಗೆ ದಿನ ಗೊತ್ತಾದ ಮೇಲೆ

(ಗುರುತು ಸಿಗದಂತೆ ಊರು, ವಯಸ್ಸು, ನಂಟು ಬದಲಿಸಲಾಗಿದೆ.)

ಹುಡುಗನಿಗೆ ಐದೂವರೆ ವರ್ಷ, ತೂಕ 18 ಕೆ.ಜಿ. ತಂದೆ ಕಲಬುರಗಿ ಕಡೆಯವರು, ತಾಯಿ ಕರಾವಳಿಯ ಬ್ಯಾರಿ ಮನೆತನದವರು. ಊರಿನ ಸಾಮೂಹಿಕ ಮುಂಜಿಗೆ (ಗಂಡುಮಕ್ಕಳ ಮುಂದೊಗಲು ಕತ್ತರಿಸುವ ಖತ್ನಾ ಅಥವಾ ಸುನ್ನತಿ) ಹನ್ನೆರಡು ದಿನ ಉಳಿದಿತ್ತು. ದೊಡ್ಡಪ್ಪನ ಮಗನ ಜೊತೆ ಇವನ ಹೆಸರನ್ನೂ ಬರೆಸಿ, ಶೇರ್ವಾನಿ ಹೊಲಿಸಿ, ಹೂವಿನ ಸೆಹ್ರಾಕ್ಕೆ ಮುಂಗಡ ಕೊಟ್ಟಾಗಿತ್ತು. ಸಲಹೆ ಕೇಳಲು ನಮ್ಮ ಬಳಿ ಒಬ್ಬರೇ ಬಂದ ತಾಯಿ ಹೇಳಿದ್ದು ಎರಡು ಸಂಗತಿ: ಮಗ ಎರಡು ತಿಂಗಳಿಂದ ಹಾಸಿಗೆ ಒದ್ದೆ ಮಾಡುತ್ತಿದ್ದಾನೆ, ನಿಂತು ಒಂದಕ್ಕೆ ಹೋದರೆ ಧಾರೆ ಮುಂದಕ್ಕೆ ಬೀಳದೆ ಕಾಲ ಮೇಲೆ ಬೀಳುತ್ತದೆ.

ಎರಡನೆಯದಕ್ಕೆ ದಾದಿಯ (ತಂದೆಯ ತಾಯಿಯ) ಬಳಿ ವಿವರಣೆ ಇತ್ತು. "ನಸೀಬುದಾರ ಹುಡುಗ, ಫರಿಶ್ತೆಗಳೇ ಅರ್ಧ ಖತ್ನಾ ಮಾಡಿ ಕಳ್ಸ್ಯಾರ." ಮುಂದೊಗಲು ಮೇಲ್ಭಾಗದಲ್ಲಷ್ಟೇ ಟೊಪ್ಪಿಗೆಯಂತೆ ಕೂತು, ಕೆಳಗಡೆ ತುದಿ ಬರಿದಾಗಿ ಕಾಣುವ ಮಕ್ಕಳ ಬಗ್ಗೆ ಅನೇಕ ಮುಸ್ಲಿಂ ಸಮಾಜಗಳಲ್ಲಿ ಹೀಗೆ, ಫರಿಶ್ತೆಗಳು ಅಂದರೆ ದೇವದೂತರು ಮಾಡಿದ ಖತ್ನಾ ಎಂದು, ಹೇಳುವುದುಂಟು. ವೈದ್ಯರು ಇದನ್ನು ಹೈಪೋಸ್ಪೇಡಿಯಾಸ್ ಎನ್ನುತ್ತಾರೆ: ಮೂತ್ರದ್ವಾರ ತುದಿಯಲ್ಲಿರುವ ಬದಲು ಶಿಶ್ನದ ಅಡಿಯಲ್ಲಿರುತ್ತದೆ, ಕೆಲವರಲ್ಲಿ ಶಿಶ್ನ ಕೆಳಕ್ಕೆ ಬಾಗಿರುತ್ತದೆ. ಸುಮಾರು 200ರಿಂದ 300 ಗಂಡುಮಕ್ಕಳಲ್ಲಿ ಒಬ್ಬರಿಗೆ ಇರುವಂಥದ್ದು, ಅಪರೂಪವೇನಲ್ಲ. ಅದೇ ದಿನ ಮಕ್ಕಳ ಶಸ್ತ್ರಚಿಕಿತ್ಸಕರ ಬಳಿ ಕಳಿಸಿದೆವು, ಅನುಮಾನ ನಿಜವಾಯಿತು. ವೃಷಣಗಳೆರಡೂ ಚೀಲದೊಳಗೆ ಇಳಿದಿವೆಯೇ ಎಂದೂ ಅವರು ನೋಡಿದರು. ಇಳಿದಿರದಿದ್ದರೆ ಹಾರ್ಮೋನು, ವರ್ಣತಂತುಗಳ ಪರೀಕ್ಷೆ ಬೇಕಾಗುತ್ತಿತ್ತು.

ಇಂಥ ಮಗುವಿಗೆ ಮುಂಜಿ ಮಾಡಬಾರದು ಎನ್ನುವುದಕ್ಕೆ ಕಾರಣ ಸರಳ. ಮೂತ್ರದ್ವಾರವನ್ನು ತುದಿಗೆ ತರುವ ಶಸ್ತ್ರಚಿಕಿತ್ಸೆಯಲ್ಲಿ ಹೊಸ ನಾಳಕ್ಕೆ ಹೊದಿಕೆ, ಕೆಲವೊಮ್ಮೆ ನಾಳವೇ, ಈ ಮುಂದೊಗಲಿನಿಂದ ಆಗಬೇಕು. ಅದನ್ನು ಕತ್ತರಿಸಿ ಬಿಸಾಡಿದರೆ ಮುಂದೆ ಬಾಯೊಳಗಿನ ಲೋಳೆಪೊರೆ ತೆಗೆದು ಕಸಿ ಮಾಡಬೇಕಾಗಬಹುದು.

ತಂದೆ ಮರುದಿನ ಬಂದರು, ಸಿಟ್ಟಿನಲ್ಲೇ. "ಫರ್ಜ್ (ಕಡ್ಡಾಯ) ಅದ ರೀ ಇದು. ಮುಂದ ಹಾಕ್ಲಿಕ್ಕ ಬರಂಗಿಲ್ಲ." ನಿಜ ನೋಡಿದರೆ ಅವರು ಪಾಲಿಸುವ ಹನಫಿ ಪಂಥದಲ್ಲಿ ಖತ್ನಾ ಸುನ್ನತ್ (ಪ್ರವಾದಿಯವರ ರೂಢಿ), ಕಡ್ಡಾಯ ಎನ್ನುವುದು ಹೆಂಡತಿಯ ತವರಿನ ಶಾಫಿ ಪಂಥ. ಮುಂದೂಡಿ ಎನ್ನುತ್ತಿದ್ದವರು ಆಕೆ! ಆದರೆ ಗಂಡನ ಎದುರು ಹೆಂಡತಿಯ ಮಾತು ಗೆಲ್ಲಿಸುವುದು ನಮ್ಮ ಕೆಲಸವಲ್ಲ. ಖತ್ನಾದ ಮಾತು ಕುರಾನಿನಲ್ಲಿಲ್ಲ. ಉಗುರು, ಮೀಸೆ ಕತ್ತರಿಸುವುದರ ಜೊತೆ ಫಿತ್ರಾದ (ಮನುಷ್ಯನ ಸಹಜ ಗುಣಕ್ಕೆ ತಕ್ಕ) ಐದು ಕೆಲಸಗಳಲ್ಲಿ ಒಂದೆಂದು ಹದೀಸಿನಲ್ಲಿ, ಅಂದರೆ ಪ್ರವಾದಿಯವರ ಮಾತುಗಳ ಸಂಗ್ರಹದಲ್ಲಿ, ಇದೆ, ವಯಸ್ಸಿನ ಗಡುವಿನ ಬಗ್ಗೆ ಪಂಥಗಳಲ್ಲಿ ಒಮ್ಮತವಿಲ್ಲ. ಎಂಟನೇ ದಿನವೇ ಆಗಬೇಕು ಎನ್ನುವ ಯಹೂದಿಗಳೂ ಮಗುವಿಗೆ ಕಾಯಿಲೆ ಇದ್ದರೆ ತಡೆಯುತ್ತಾರೆ. ಇಬ್ಬರು ಅಣ್ಣಂದಿರು ಸುನ್ನತಿಯಿಂದ ತೀರಿಕೊಂಡಿದ್ದರೆ ಮೂರನೆಯವನಿಗೆ ಮಾಡಬೇಡಿ ಎಂದು ಅವರ ಧರ್ಮಶಾಸ್ತ್ರ ಗ್ರಂಥ ತಾಲ್ಮುದಿನಲ್ಲೇ ಇದೆ. ಇಷ್ಟನ್ನು ಹೇಳಿ, ವೈದ್ಯರ ಚೀಟಿ ಹಿಡಿದು ಮಸೀದಿಯ ಇಮಾಮರನ್ನು ಕೇಳಿ ಎಂದೆವು. ಧರ್ಮದ ಅನುಮತಿ ಕೊಡಬೇಕಾದವರು ಅವರು. ಶಸ್ತ್ರಚಿಕಿತ್ಸೆಯ ಕೊನೆಗೆ ಮುಂದೊಗಲು ಹೆಚ್ಚಾಗಿ ಉಳಿಯುವುದೇ ಇಲ್ಲ, ನೋಡುವವರಿಗೆ ಮುಂಜಿಯಾದಂತೆಯೇ ಕಾಣುತ್ತದೆ ಎಂಬ ಮಾತಿಗೆ ತಂದೆಯ ದನಿ ಇಳಿಯಿತು.

ಹಾಸಿಗೆ ಒದ್ದೆಯಾಗುವುದಕ್ಕೂ ಮೂತ್ರದ್ವಾರದ ಜಾಗಕ್ಕೂ ನಂಟಿರಲಿಲ್ಲ. ಸೋಂಕಿಲ್ಲ ಎಂದು ಮೂತ್ರ ಪರೀಕ್ಷೆಯಿಂದ ಖಚಿತವಾದ ಮೇಲೆ ಹುಡುಗನ ಜೊತೆ ಬೊಂಬೆ ಇಟ್ಟುಕೊಂಡು ಮಾತಾಡಿದಾಗ ಹೊರಬಿದ್ದದ್ದು ದೊಡ್ಡಪ್ಪನ ಮಗನ ಮಾತು: "ಪೂರ್ತಿ ಕಟ್ ಮಾಡ್ತಾರ." ಹಟ ಮಾಡಿದಾಗಲೆಲ್ಲ "ಹಜಾಮನ್ನ ಕರೀತೀವಿ" ಎಂದು, ಖತ್ನಾ ಮಾಡುವವನ ಹೆಸರು ಹೇಳಿ, ಹಿರಿಯರೂ ಹೆದರಿಸುತ್ತಿದ್ದರು. ಮನೆಯವರಿಗೆ ಹೇಳಿದ್ದಿಷ್ಟು: ಈ ಬೆದರಿಕೆ ಇಂದೇ ನಿಲ್ಲಬೇಕು, ಒದ್ದೆ ಮಾಡಿದ್ದಕ್ಕೆ ಬೈಯಬಾರದು. "ಇರುವೆ ಕಚ್ಚಿದಂಗ ಅಷ್ಟೇ" ಎಂದು ಸುಳ್ಳೂ ಹೇಳಬಾರದು. "ನೋಡು, ಸೋನೆ ಕಿ ಚಿಡಿಯಾ" (ಚಿನ್ನದ ಹಕ್ಕಿ) ಎಂದು ಮೇಲೆ ನೋಡಿಸಿ ಕತ್ತರಿಸುವ ಹಳೆಯ ಉಪಾಯ ಆ ಕ್ಷಣಕ್ಕೆ ನಡೆಯುತ್ತದೆ, ಆಮೇಲೆ ಮಗು ನಂಬುವುದನ್ನು ಬಿಡುತ್ತದೆ. ಹೇಳಬೇಕಾದ ಮಾತು: "ನಿದ್ದೆ ಔಷಧಿ ಕೊಡ್ತಾರ. ನೀ ಮಲ್ಕೊಂಡಾಗ ಒಂದ ಬರೋ ದಾರಿ ಸರಿ ಮಾಡ್ತಾರ. ಎಚ್ಚರ ಆದಾಗ ಒಂದಿಷ್ಟು ನೋವಿರ್ತದ, ಔಷಧಿ ಐತಿ. ನಾ ಬಾಜೂಕ್ಕ ಇರ್ತೀನಿ."

ದೊಡ್ಡಪ್ಪನ ಮಗನ ಮುಂಜಿ ನಿಲ್ಲಿಸಬೇಕಿರಲಿಲ್ಲ. ಆದರೆ ಶಿಬಿರದಲ್ಲಿ ಕೇಳಬೇಕಾದ್ದನ್ನು ಬರೆದುಕೊಟ್ಟೆವು. ಮನೆಯಲ್ಲಿ ಯಾರಿಗಾದರೂ ಹಲ್ಲು ಕಿತ್ತಾಗ ರಕ್ತ ನಿಲ್ಲದೆ ಹೋಗಿದೆಯೇ ಎಂದು ಮೊದಲೇ ವಿಚಾರಿಸುತ್ತಾರೆಯೇ? ತಾಯಿಯ ಅಣ್ಣತಮ್ಮಂದಿರನ್ನು ನೆನೆಸಿಕೊಳ್ಳಿ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ ಹೀಮೋಫಿಲಿಯಾ ಬರುವುದು ಆ ದಾರಿಯಲ್ಲಿ. ಪ್ರತಿ ಮಗುವಿಗೂ ಬೇರೆ ಬೇರೆ ಸ್ಟೆರೈಲ್ ಸಲಕರಣೆ ಇದೆಯೇ? ಮರಗಟ್ಟಿಸುವ ಇಂಜೆಕ್ಷನ್ನಿನಲ್ಲಿ ಅಡ್ರಿನಲಿನ್ ಬೆರೆಸಿಲ್ಲ ತಾನೆ? ಅದು ರಕ್ತನಾಳ ಬಿಗಿಯುವಂತೆ ಮಾಡುತ್ತದೆ, ಶಿಶ್ನದ ತುದಿಗೆ ರಕ್ತ ತಲುಪದೆ ಹೋಗಬಹುದು. ವಿದ್ಯುತ್ತಿನಿಂದ ಸುಟ್ಟು ರಕ್ತ ನಿಲ್ಲಿಸುವ ಮಾನೋಪೋಲಾರ್ ಕಾಟರಿಯೂ ಬೇಡ.

ಮನೆಗೆ ಬಂದ ಮೇಲೆ ಹೆಚ್ಚು ತಪ್ಪಾಗುವುದು ನೋವಿನ ಸಿರಪ್ಪಿನಲ್ಲಿ. ಪ್ಯಾರಾಸಿಟಮಾಲ್ ಲೆಕ್ಕ ಕೆ.ಜಿ.ಗೆ 15 ಮಿ.ಗ್ರಾಂ: 18 ಕೆ.ಜಿ.ಗೆ 270. ಆದರೆ ಅಂಗಡಿಯಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ, 250 ಮಿ.ಗ್ರಾಂ ಎರಡೂ ಬಾಟಲಿಗಳಿರುತ್ತವೆ. 250ರದ್ದಾದರೆ 5 ಮಿ.ಲೀ. ಸಾಕು, 125ರದ್ದಾದರೆ ಅದು ಅರ್ಧ ಡೋಸು. ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರಬಾರದು. ರಕ್ತ ಜಿನುಗಿದರೆ ಶುದ್ಧ ಗಾಜ್ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಬೇಕು, ನಿಮಿಷಕ್ಕೊಮ್ಮೆ ತೆಗೆದು ನೋಡುವುದರಿಂದಲೇ ಅದು ನಿಲ್ಲುವುದಿಲ್ಲ. ಆಗಲೂ ನಿಲ್ಲದಿದ್ದರೆ, ಹನ್ನೆರಡು ಗಂಟೆ ಮೂತ್ರ ಬಾರದಿದ್ದರೆ, ಜ್ವರ ಬಂದರೆ ಆಸ್ಪತ್ರೆಗೇ. ಮೇಲೆ ಕಟ್ಟುವ ಹಳದಿ ಪೊರೆ ಕೀವಲ್ಲ, ಕೆರೆಯಬೇಡಿ. ಬೂದಿ, ಅರಿಸಿನ ಹಚ್ಚಬೇಡಿ.

ಹೈಪೋಸ್ಪೇಡಿಯಾಸ್ ಸರಿಪಡಿಸಲು 6ರಿಂದ 18 ತಿಂಗಳ ವಯಸ್ಸು ಅನುಕೂಲ. ಮಗುವಿಗೆ ಆಮೇಲೆ ನೆನಪೇ ಉಳಿಯುವುದಿಲ್ಲ. ಐದೂವರೆಗೂ ಆಗುತ್ತದೆ, ಮನಸ್ಸನ್ನು ಹೆಚ್ಚು ಸಿದ್ಧ ಮಾಡಬೇಕಷ್ಟೇ. ಎರಡು ತಿಂಗಳ ಮೇಲೆ ಶಸ್ತ್ರಚಿಕಿತ್ಸೆಯಾಯಿತು, ಏಳನೇ ದಿನ ಕ್ಯಾತಿಟರ್ (ಮೂತ್ರ ಹೋಗಲು ಇಟ್ಟ ಕೊಳವೆ) ತೆಗೆದರು. ದಾದಿ ಶೇರ್ವಾನಿ ತೊಡಿಸಿ, ಸೆಹ್ರಾ ಕಟ್ಟಿ, ಓಣಿಗೆಲ್ಲ ಸಿಹಿ ಹಂಚಿದರು. ತಾಯಿಗೆ ಒಂದು ಕೆಲಸ ಉಳಿದಿದೆ: ಮುಂದಿನ ತಿಂಗಳುಗಳಲ್ಲಿ ಮಗ ಒಂದಕ್ಕೆ ಹೋಗುವಾಗ ಆಗಾಗ ಗಮನಿಸುವುದು. ಧಾರೆ ಎರಡು ಕಡೆಯಿಂದ ಬಂದರೆ ಹೊಲಿಗೆಯ ಜಾಗದಲ್ಲಿ ತೂತಾಗಿದೆ ಎಂದರ್ಥ; ದಿನ ದಿನಕ್ಕೆ ಸಣ್ಣದಾಗಿ, ಮುಕ್ಕಿರಿದು ಹೋಗುವಂತಾದರೆ ದಾರಿ ಕಿರಿದಾಗಿದೆ ಎಂದು. ಎರಡರಲ್ಲಿ ಯಾವುದು ಕಂಡರೂ ತಪಾಸಣೆಯ ತಾರೀಕಿಗೆ ಕಾಯದೆ ಕರೆತರಲು ಹೇಳಿದ್ದೇವೆ.